ಉಳ್ಳಾಗಡ್ಡಿ ಕೋಣೆಯ ಭಾನುವಾರಗಳು

ಕೊಲ್ಹಾಪುರದಲ್ಲಿ ಒಂದು ಮದುವೆ ಮುಗಿಸಿಕೊಂಡು ಹಿಂದಿರುಗುವಾಗ ನಮ್ಮ ಕಾರು ನಿಪ್ಪಾಣಿಯ ಹತ್ತಿರ ನಿಂತಿತು. ಭಾನುವಾರ, ತಿಂಡಿಯ ಹೊತ್ತು ಮೀರಿ ಊಟದ ಹೊತ್ತು ಇನ್ನೂ ಬಾರದ ವೇಳೆ. ಹೆದ್ದಾರಿಯ ಪಕ್ಕ ಗಾಜಿನ ಗೋಡೆಯ ಹೊಸ ಹೋಟೆಲೊಂದು ಎದ್ದಿತ್ತು. ಬಾಗಿಲಲ್ಲಿ ‘ಸಂಡೇ ಬ್ರಂಚ್’ ಎಂದು ಕನ್ನಡದಲ್ಲೂ ಮರಾಠಿಯಲ್ಲೂ ಬರೆಸಿದ್ದರು. ಫೋನಿನಲ್ಲಿ ಆ ಜಾಗ ಹುಡುಕಿ ಹಿಡಿದದ್ದು ನನ್ನ ತಂಗಿಯ ಮಗಳು. ಗಾಜಿಗೆ ಒತ್ತಿಕೊಂಡ ಮೇಜಿನಲ್ಲಿ ನಾಲ್ವರು ಹೆಂಗಸರು ರಸ್ತೆಗೆ ಮುಖಮಾಡಿ, ಉದ್ದನೆಯ ಲೋಟಗಳನ್ನು ಮುಂದಿಟ್ಟುಕೊಂಡು ನಗುತ್ತಿದ್ದರು. ಒಳಗಿನಿಂದ ಹುರಿದ ಒಣಕೊಬ್ಬರಿ, ಬೆಳ್ಳುಳ್ಳಿ, ಕೆಂಪು ಖಾರದ ವಾಸನೆ ಬಂತು. ಎಲ್ಲರೂ ಮುಂದಿನ ಬಾಗಿಲಿಗೆ ನಡೆದರೆ ನನ್ನ ಕಣ್ಣು ಮಾತ್ರ ಹಿಂಬಾಗಿಲು ಎಲ್ಲಿದೆ ಎಂದು ಹುಡುಕುತ್ತಿತ್ತು.

ಚಿಕ್ಕೋಡಿಗೆ ನಾನು ಹೋದದ್ದು ಎರಡು ಸಾವಿರದ ಏಳರಲ್ಲಿ, ಮುಂಗಾರಿಗೆ ಸ್ವಲ್ಪ ಮೊದಲು. ಪದವಿಪೂರ್ವ ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳುವ ಕೆಲಸ. ನನ್ನ ಊರು ಹಾಸನದ ಕಡೆ. ಕೂತಲ್ಲಿ ಕೂರುವ ಜಾತಕ ನನ್ನದಲ್ಲ. ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಟಿದವಳು ಎಂದು ಅಮ್ಮ ಬೈಯುತ್ತಿದ್ದಳು. ವಾರದ ದಿನಗಳು ಪಾಠದಲ್ಲಿ ಹೇಗೋ ಸಾಗುತ್ತಿದ್ದವು. ಭಾನುವಾರ ಬಂತೆಂದರೆ ಮೈಯೆಲ್ಲ ಚಡಪಡಿಕೆ. ಬಟ್ಟೆ ಒಗೆದು ತಲೆಗೆ ನೀರು ಹಾಕಿಕೊಂಡರೆ ಕೆಲಸ ಮುಗಿಯಿತು. ಆಮೇಲೆ ಕಿಟಕಿಯಿಂದ ಬಾಗಿಲಿಗೆ, ಬಾಗಿಲಿನಿಂದ ಕಿಟಕಿಗೆ ಓಡಾಡುವುದು.

ನಾವಿದ್ದ ಮಾಳಿಗೆಯ ಖೋಲಿಯಲ್ಲಿ ಮೂವರು. ಸುನಂದಾ ಸದಲಗಾದವಳು, ಚಿಕ್ಕೋಡಿಯ ಪತ್ತಿನ ಸಂಘವೊಂದರಲ್ಲಿ ಗುಮಾಸ್ತೆ. ಕಬ್ಬಿನ ಹೊಲ, ಎಮ್ಮೆ, ಟ್ರ್ಯಾಕ್ಟರು ಎಲ್ಲ ಇದ್ದ ಮನೆ. ಮೊಟ್ಟೆಯ ಸಿಪ್ಪೆಯನ್ನೂ ಹೊಸಿಲು ದಾಟಿಸದ ಮನೆ. ತಂದೆ ತೀರಿಕೊಂಡ ಮೇಲೆ ಅಲ್ಲಿ ಅಣ್ಣ ರಾವಸಾಬನ ಮಾತೇ ಮಾತು. ಸುನಂದಾಳನ್ನು ಅವನು ನೌಕರಿಗೆ ಕಳಿಸಿದ್ದು ಒಂದೇ ಕರಾರಿನ ಮೇಲೆ: ಅವಳ ಬಗ್ಗೆ ಒಂದು ಮಾತು ಕಿವಿಗೆ ಬಿದ್ದರೂ ಗಂಟುಮೂಟೆ ಕಟ್ಟಿಕೊಂಡು ಮನೆಗೆ ಬರಬೇಕು. ಪ್ರಮೀಳಾ ರಾಯಬಾಗದ ಕಡೆಯ ಬೌದ್ಧರ ಹುಡುಗಿ, ಆಸ್ಪತ್ರೆಯಲ್ಲಿ ನರ್ಸು. ನಮ್ಮ ಮೂವರಲ್ಲಿ ಎಲ್ಲಕ್ಕಿಂತ ಗಟ್ಟಿಯಾಗಿ ನಗುವವಳೂ ಹೆಚ್ಚು ವಿವೇಕ ಇದ್ದವಳೂ ಅವಳೇ.

ಭಾನುವಾರ ಎಲ್ಲಿಗೆ ಹೋಗುವುದು? ಗಂಡಸರಿಗೆ ಈ ಪ್ರಶ್ನೆಯೇ ಇರಲಿಲ್ಲ. ನನ್ನ ಕಾಲೇಜಿನ ಮಾಸ್ತರರು ಬೆಳಿಗ್ಗೆ ತಡವಾಗಿ ಎದ್ದು ಮಿಸಳ್ ತಿಂದು, ಮಧ್ಯಾಹ್ನ ಯಾವುದೋ ಧಾಬಾ ಸೇರಿದರೆ ಸೋಮವಾರ ಕೆಂಪು ರಸ್ಸಾ ಎಂಬ ಮಟನ್ ಸಾರಿನ ಪುರಾಣ ಹೇಳಿಕೊಂಡೇ ಬರುತ್ತಿದ್ದರು. ನಾವು ಮೂವರು ಚಿಕ್ಕೋಡಿಯ ಹೋಟೆಲಿಗೆ ಹೋದರೆ ಮಾಲೀಕ ಕತ್ತೆತ್ತದೆ ‘ಫ್ಯಾಮಿಲಿ ರೂಮ್ ಆಕಡೆ’ ಎಂದು ಬೆರಳು ತೋರಿಸುತ್ತಿದ್ದ. ಆ ರೂಮೆಂದರೆ ಮೂರು ಹಲಗೆ, ಒಂದು ಹಸಿರು ಪರದೆ, ಫ್ಯಾನು ಇಲ್ಲ. ಕೊನೆಯ ತುತ್ತು ಬಾಯಿಗೆ ಹೋಗುವ ಮೊದಲೇ ಮಾಣಿ ಮೇಜು ಒರೆಸುತ್ತಿದ್ದ. ಅಥಣಿಗೆ ಹೋಗಿ ಕಬ್ಬಿನ ಹಾಲು ಕುಡಿದೆವು, ನಿಂತುಕೊಂಡೇ. ಕಾಗವಾಡದ ರಸ್ತೆಯಲ್ಲಿ ದ್ರಾಕ್ಷಿ ರಸ ಮಾರುವ ಅಂಗಡಿಯಲ್ಲಿ ಬೆಂಚಿತ್ತು. ಆದರೆ ನಾವು ಕೂತ ಕೂಡಲೇ ಮೋಟಾರುಬೈಕುಗಳಿಗೆ ಅಲ್ಲೇ ಬಾಯಾರಿಕೆಯಾಗತೊಡಗಿತು. ಗಂಟೆಗಟ್ಟಲೆ ಬಸ್ಸಿನಲ್ಲಿ ಕುಲುಕಾಡಿಕೊಂಡು ಹೋಗಿ ಲೋಟ ಖಾಲಿಮಾಡಿ ಹಿಂದಿರುಗುವುದು. ನಮಗೆ ಬೇಕಾಗಿದ್ದು ತಿನ್ನುವ ಪದಾರ್ಥವಲ್ಲ, ತಿಂದ ಮೇಲೂ ಕೂತಿರಬಹುದಾದ ಒಂದು ಜಾಗ.

ಅದು ಸಿಕ್ಕಿದ್ದು ಮಳೆಯ ದೆಸೆಯಿಂದ. ಜುಲೈ ತಿಂಗಳ ಒಂದು ಭಾನುವಾರ ನಿಪ್ಪಾಣಿಯಿಂದ ಮುಂದೆ ಹೆದ್ದಾರಿಯಲ್ಲಿ ನಾವು ಕೂತಿದ್ದ ಟಂಟಂ ಆಟೊ ಕೆಟ್ಟು ನಿಂತಿತು. ಅಡ್ಡಮಳೆ ಹೊಡೆಯುತ್ತಿತ್ತು. ಓಡಿಹೋಗಿ ಒಂದು ಧಾಬಾದ ಹಿಂದಿನ ತಗಡಿನ ಕೆಳಗೆ ನಿಂತೆವು. ಅಡುಗೆಯ ಹೆಂಗಸು, ಅವಳೇ ಯಜಮಾನಿ, ನಮ್ಮನ್ನು ನೋಡಿ ಒಳಗೆ ಕರೆದಳು. ಅಡುಗೆಮನೆಯ ಹಿಂದೆ ಉಳ್ಳಾಗಡ್ಡಿ ಚೀಲ ಒಟ್ಟಿದ್ದ ಕೋಣೆ. ನಡುವೆ ಒಂದು ಕಬ್ಬಿಣದ ಮೇಜು, ನಾಲ್ಕು ಕುರ್ಚಿ, ಹಿತ್ತಿಲಿಗೆ ತೆರೆಯುವ ಬಾಗಿಲು, ಅದರಾಚೆ ತಂಬಾಕಿನ ಹೊಲ. ಎಲ್ಲರೂ ಅವಳನ್ನು ಮಾವಶಿ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದರು. ಅರ್ಧ ಮರಾಠಿ, ಅರ್ಧ ಕನ್ನಡದಲ್ಲಿ ಅವಳು ಹೇಳಿದ್ದಿಷ್ಟು: ಮುಂದೆ ಗಂಡಸರು ಕೂರುತ್ತಾರೆ, ಇಲ್ಲಿ ಮರ್ಯಾದಸ್ಥರು ಕೂರುತ್ತಾರೆ, ಎಷ್ಟು ಹೊತ್ತು ಬೇಕಾದರೂ ಕೂರಿ.

ಆಮೇಲೆ ನಮ್ಮ ಭಾನುವಾರಗಳಿಗೆ ಒಂದು ಗುರಿ ಬಂತು. ಬೆಳಿಗ್ಗೆ ಏನೂ ತಿನ್ನದೆ ಹೊರಟು ಹನ್ನೊಂದರ ಸುಮಾರಿಗೆ ಆ ಕೋಣೆ ಸೇರುತ್ತಿದ್ದೆವು. ಪ್ರಮೀಳಾ ಮಟನ್ನು, ಕೆಂಪು ರಸ್ಸಾ, ಬಿಳಿ ರಸ್ಸಾ ಬಿಡುತ್ತಿರಲಿಲ್ಲ. ಕುಡಿಯುವ ಮಾತೆತ್ತಿದರೆ ಮಾತ್ರ ತನ್ನಪ್ಪ ಕೈಮುಗಿದು ಪಂಚಶೀಲ ತೆಗೆದುಕೊಂಡಿದ್ದಾನೆ ಎನ್ನುತ್ತಿದ್ದಳು. ಮೊದಲನೆಯ ಶೀಲ ಏನು ಹೇಳುತ್ತದೆ ಎಂದು ನಾನು ಕೆಣಕಿದರೆ, ಕುರಿ ಕೊಯ್ದದ್ದು ತಾನಲ್ಲವೆಂದು ಎಲುಬು ಚೀಪುತ್ತಿದ್ದಳು. ಸುನಂದಾ ಮಟನ್ನಿನ ತಟ್ಟೆಯತ್ತ ತಿರುಗಿಯೂ ನೋಡಳು, ಆದರೆ ಒಂದು ಬಾಟಲಿ ಬಿಯರಿನಲ್ಲಿ ಅರ್ಧ ಅವಳದು. ಮಾವಶಿ ಅದನ್ನು ನೀರಿನ ತಂಬಿಗೆಯಲ್ಲಿ ಸುರಿದು, ಮೇಲೆ ತಟ್ಟೆ ಮುಚ್ಚಿ ತಂದಿಡುವಳು. ನನಗೆ ಎರಡೂ ನಡೆಯುತ್ತಿತ್ತು. ಬಾಗಿಲಾಚೆ ಮಳೆ, ಚೀಲಗಳ ಘಾಟು, ಮಾತು, ಮತ್ತೆ ಮಾತು. ಪತ್ತಿನ ಸಂಘದಲ್ಲಿ ಎಲ್ಲರಿಗೂ ತಗ್ಗಿ ಮಾತಾಡುವ ಸುನಂದಾ ಅಲ್ಲಿ ಕುರ್ಚಿಯ ಮೇಲೆ ಕಾಲು ಮಡಚಿಕೊಂಡು ಕೂತು, ವ್ಯವಸ್ಥಾಪಕನ ನಡಿಗೆ ಅಣಕಿಸಿ ನಮ್ಮನ್ನು ನಗಿಸುತ್ತಿದ್ದಳು. ಅಷ್ಟು ಸುಖವಾಗಿ ನಾನು ಆಮೇಲೆ ಎಲ್ಲೂ ಕೂತಿಲ್ಲ.

ಆ ವರ್ಷ ಆಷಾಢದ ಅಮಾವಾಸ್ಯೆ ಭಾನುವಾರವೇ ಬಿತ್ತು. ನಮ್ಮ ಕಡೆ ಅದು ಭೀಮನ ಅಮಾವಾಸ್ಯೆ. ಹೆಂಡತಿಯರು ಗಂಡಂದಿರ ಪಾದ ತೊಳೆಯುವ ದಿನ. ಗಂಡಸರೆಲ್ಲ ಮನೆಯಲ್ಲೇ ಕಾಲು ಚಾಚಿಕೊಂಡಿರುತ್ತಾರೆ, ರಸ್ತೆ ನಮ್ಮದು ಎಂದೆ. ಪ್ರಮೀಳಾ ಹಣೆ ಬಡಿದುಕೊಂಡಳು. ಈ ಗಡಿಯಲ್ಲಿ ಅಂದು ಗಟಾರಿ. ಮರುದಿನದಿಂದ ಶ್ರಾವಣ, ತಿಂಗಳಿಡೀ ಮಾಂಸವಿಲ್ಲ, ಮದ್ಯವಿಲ್ಲ. ಆದ್ದರಿಂದ ತಿಂಗಳ ಪಾಲನ್ನೆಲ್ಲ ಅಂದೇ ಮುಗಿಸಿಬಿಡಬೇಕೆಂದು ಗಂಡಸರು ಹೊರಬೀಳುವ ದಿನ. ಈ ವಾರ ಬೇಡವೆಂದು ಅವಳು ಹೇಳಿದಳು.

ಸುನಂದಾ ಕೇಳಲಿಲ್ಲ. ಅವಳ ಲೆಕ್ಕ ಬೇರೆ ಇತ್ತು. ಅಂದು ಹೆದ್ದಾರಿಯಲ್ಲಿ ಇರುವವರು ಯಾರೋ ಏನೋ. ಅವಳಿಗೆ ಹೆದರಿಕೆ ಇದ್ದದ್ದು ಅಣ್ಣ ಒಬ್ಬನದು. ಅವನೋ ಅಮಾವಾಸ್ಯೆ ಹಿಡಿದಿದ್ದ. ಆ ಸೀಮೆಯಲ್ಲಿ ಹಾಗೊಂದು ನೇಮ ಇದೆ. ಹರಕೆ ಹೊತ್ತವರು ಪ್ರತಿ ಅಮಾವಾಸ್ಯೆಗೆ ತಮ್ಮ ದೇವರಿಗೆ ಹೋಗಿ ಕಾಯಿ ಒಡೆಸಿಕೊಂಡು ಬರುತ್ತಾರೆ. ತಂದೆ ತೀರಿಕೊಂಡ ವರ್ಷದಿಂದ ರಾವಸಾಬ ದೂಧಗಂಗೆ ದಾಟಿ, ಆಚೆ ದಂಡೆಯ ಒಂದು ದೇವರಿಗೆ ಹೋಗುತ್ತಿದ್ದ. ಬೆಳಿಗ್ಗೆ ಮಡಿಯಲ್ಲಿ ಹೊರಟರೆ ಬರುವುದು ಸಂಜೆಗೆ. “ಅಮಾಸಿ ದಿನ ನಮ್ಮಣ್ಣ ಹೊಳಿ ಆಚೆ ಇರ್ತಾನ. ವರ್ಷದಾಗ ಇದಕ್ಕಿಂತ ಚಲೋ ಐತಾರ ಸಿಗಂಗಿಲ್ಲ,” ಎಂದಳು. ಮಾತು ಸರಿಯಾಗಿಯೇ ಇತ್ತು, ಹೊರಟೆವು.

ಧಾಬಾದ ಮುಂದೆ ಜಾತ್ರೆ ನೆರೆದ ಹಾಗೆ ಬೈಕುಗಳು. ನಾವು ತಂಬಾಕಿನ ಹೊಲದ ಬದುವಿನಿಂದ ಹಿಂದೆ ಹೋಗಿ ನಮ್ಮ ಕೋಣೆಯಲ್ಲಿ ಕೂತೆವು. ತಂಬಿಗೆ ಬಂತು, ಪ್ರಮೀಳಾಳ ತಟ್ಟೆ ಬಂತು. ಇನ್ನೂ ಎರಡು ಗುಟುಕು ಕುಡಿದಿರಲಿಲ್ಲ, ಮಾವಶಿ ಹಿಂಬಾಗಿಲಿನಿಂದ ಒಬ್ಬರನ್ನು ಕರೆತಂದಳು. ಬಿಳಿ ಅಂಗಿ, ಬಿಳಿ ಪೈಜಾಮ, ಹಣೆಗೆ ಭಂಡಾರದ ಅರಿಶಿನ, ಬಗಲಲ್ಲಿ ಕಾಯಿ ಇದ್ದ ಚೀಲ. ಇನ್ನೊಂದು ಕೈಯಲ್ಲಿ ಅವಳು ಅವನಿಗಾಗಿಯೇ ಬಡಿಸಿದ ಮಟನ್ ತಟ್ಟೆ.

“ಇವ್ರಿಗಿಷ್ಟು ಜಾಗಾ ಕೊಡ್ರಿ ಬಾಯಿಗೋಳ,” ಎಂದಳು ಮಾವಶಿ ಅಭಿಮಾನದಿಂದ. “ನಮ್ಮ ಅಮಾಸಿ ಪಾವಣ್ಯಾರು, ಬೀಗರಿದ್ದಂಗ. ಎಷ್ಟ ವರ್ಷಾತು, ಒಂದ ಅಮಾಸಿ ತಪ್ಪಿಸಿಲ್ಲ.”

ಸುನಂದಾಳ ಕೈಯಲ್ಲಿದ್ದ ಲೋಟ ಕೆಳಗಿಳಿಯಲಿಲ್ಲ, ಮೇಲೂ ಹೋಗಲಿಲ್ಲ. ಅವನು ಲೋಟ ನೋಡಿದ, ಅದರ ನೊರೆ ನೋಡಿದ. ಅವಳು ತಟ್ಟೆ ನೋಡಿದಳು. ಯಾರೂ ಪರಿಚಯ ಮಾಡಿಸದಿದ್ದರೂ ಅದೇ ಮೂಗು, ಅದೇ ಹುಬ್ಬು; ಇವನೇ ಅಣ್ಣ ಎಂದು ನನಗೆ ತಿಳಿದುಹೋಯಿತು. ಮಾನವಂತರ ಮಗನಾದ್ದರಿಂದ ಅವನಿಗೂ ಮುಂದಿನ ಬಾಗಿಲು ಇರಲಿಲ್ಲ. ನಾವು ಅಡಗಲು ಹುಡುಕಿಕೊಂಡ ದಿನವೂ ಅವನು ಅಡಗುವ ದಿನವೂ ಒಂದೇ, ಕೋಣೆಯೂ ಒಂದೇ. ರಾವಸಾಬ ತಟ್ಟೆಯನ್ನು ಉಳ್ಳಾಗಡ್ಡಿ ಚೀಲದ ಮೇಲಿಟ್ಟು, ಬಂದ ಬಾಗಿಲಿನಿಂದಲೇ ಹೊರಟುಹೋದ.

ಇಬ್ಬರೂ ಸಿಕ್ಕಿಬಿದ್ದರಲ್ಲ, ಇನ್ನು ಬಾಯಿ ಬಿಡುವುದಿಲ್ಲ ಎಂದು ನಾನು ಸಮಾಧಾನ ಹೇಳಿದೆ. ಅರ್ಥಶಾಸ್ತ್ರ ಓದಿದವಳು, ತಕ್ಕಡಿಯ ಎರಡು ತಟ್ಟೆಯೂ ಸಮ ಎಂದು ತಿಳಿದಿದ್ದೆ. ಎರಡೇ ದಿನಕ್ಕೆ ಅಣ್ಣನ ಫೋನು ಬಂತು. ನಾಗರ ಪಂಚಮಿಗೆ ಕರೆಯಲು ಬರುತ್ತೇನೆ, ಸಾಮಾನು ಕಟ್ಟಿಡು, ಇನ್ನು ನೌಕರಿ ಸಾಕು, ಚಿಕ್ಕೋಡಿಯ ಗಾಳಿ ಚೆನ್ನಾಗಿಲ್ಲವೆಂದು ಅವ್ವನಿಗೂ ಹೇಳಿದ್ದೇನೆ ಎಂದ. ಏನು ಕಂಡೆ, ಎಲ್ಲಿ ಕಂಡೆ ಎಂದು ಮಾತ್ರ ಅವ್ವನಿಗೆ ಹೇಳಿರಲಿಲ್ಲ. ನನಗೆ ಸಿಟ್ಟು ನೆತ್ತಿಗೇರಿತು. ಅವನು ಎಲ್ಲಿ ದೇವರು ಮಾಡುತ್ತಾನೆ ಎಂದು ನೀನೂ ಹೇಳು, ನಾನೇ ಬಂದು ಸಾಕ್ಷಿ ನುಡಿಯುತ್ತೇನೆ ಎಂದು ಕೂಗಾಡಿದೆ.

“ಅಂವಾ ಮಟನ್ ತಿಂತಾನ ಅಂದ್ರ ಅವ್ವ ಒಂದ ದಿನ ಅಳತಾಳರಿ,” ಎಂದಳು ಸುನಂದಾ. “ನಾ ಕುಡದೇನಿ ಅಂದ್ರ ಜನ್ಮ ತುಂಬ ಅಳತಾಳ. ಅಂವಗ ಬೈತಾರ, ನನ್ನ ಒಳಗ ಕುಂಡರಸ್ತಾರ. ಲೆಕ್ಕಾ ಸಮ ಹೆಂಗ ಆಕ್ಕೈತಿ?”

ಪಂಚಮಿಗೆ ಅಣ್ಣ ಬಂದು ತಂಗಿಯನ್ನು ತವರಿನ ಉಂಡೆ, ಜೋಕಾಲಿಗೆ ಕರೆದುಕೊಂಡು ಹೋಗುವುದನ್ನು ಅಲ್ಲಿಯ ಹೆಣ್ಣುಮಕ್ಕಳು ವರ್ಷವಿಡೀ ಕಾಯುತ್ತಾರೆ. ಸುನಂದಾ ಅವನು ಬರುವ ಮೊದಲೇ ಒಬ್ಬಳೇ ಬಸ್ಸು ಹತ್ತಿದಳು, ಹಾಸಿಗೆ ಇಲ್ಲೇ ಬಿಟ್ಟು. ಹಬ್ಬ ಮುಗಿದು ಎರಡನೆಯ ದಿನ ಅವಳು ಮತ್ತೆ ಮೆಟ್ಟಿಲು ಹತ್ತಿ ಬಂದಾಗ ಪ್ರಮೀಳಾ ಮತ್ತು ನಾನು ಊಟದ ತಟ್ಟೆ ಬಿಟ್ಟು ಎದ್ದೆವು. ಮನೆಯಲ್ಲಿ ಅವಳು ಎದುರು ಮಾತಾಡಿರಲಿಲ್ಲ. ನೌಕರಿ ಬಿಡುತ್ತೇನೆ ಎಂದಳಂತೆ. ಆದರೆ ನೌಕರಿ ಸಿಕ್ಕಾಗ ಅಣ್ಣನ ದೇವರಿಗೆ ಹರಕೆ ಹೊತ್ತಿದ್ದೆನೆಂದೂ ಹೇಳಿದಳಂತೆ. ಬರುವ ಅಮಾವಾಸ್ಯೆಗೆ ಅಣ್ಣನ ಜೊತೆ ಹೋಗಿ ಅದನ್ನು ಮುಟ್ಟಿಸಿ, ಆಮೇಲೆ ನೌಕರಿ ಬಿಡುತ್ತೇನೆ ಎಂದಳಂತೆ. ಅವ್ವ ಹಿಗ್ಗಿಹೋದರು. ಮಂಡಿನೋವೆಂದು ಇಷ್ಟು ವರ್ಷ ಹೋಗಲಾಗಿಲ್ಲ, ತಾನೂ ಬರುತ್ತೇನೆ, ಜೀಪು ತೆಗೆ ಎಂದರು. ರಾವಸಾಬನಿಗೆ ಹಬ್ಬದ ಉಂಡೆ ಗಂಟಲಲ್ಲಿ ನಿಂತಿತು ಎಂದು ಹೇಳುವಾಗ ಮಾತ್ರ ಸುನಂದಾ ನಕ್ಕಳು.

ಆ ಶ್ರಾವಣದಷ್ಟು ಉದ್ದದ ತಿಂಗಳನ್ನು ನಾನು ಕಂಡಿಲ್ಲ. ಮಳೆ ಬಿಡಲಿಲ್ಲ. ಭಾನುವಾರಗಳಂದು ಮೂವರೂ ಖೋಲಿಯಲ್ಲೇ ಇದ್ದೆವು. ಒಬ್ಬಳು ಕೂತರೆ ಇನ್ನೊಬ್ಬಳು ಏಳುವಳು. ಅವಲಕ್ಕಿ ಮಾಡಿದರೆ ಉಪ್ಪು ಬೀಳುತ್ತಿರಲಿಲ್ಲ, ಇಲ್ಲವೆ ಎರಡು ಸಲ ಬೀಳುತ್ತಿತ್ತು. ಕೆಳಗೆ ಜೀಪು ನಿಂತ ಸದ್ದಾದರೆ ಸುನಂದಾ ಪುಸ್ತಕ ಮಡಚುವಳು. ಒಂದು ದಿನ ಅವಳು ಸಂಘದ ಬೀಗದಕೈ ಗೊಂಚಲನ್ನು ಮಡಿಲಲ್ಲಿಟ್ಟುಕೊಂಡು ಒಂದೊಂದನ್ನೇ ಸೆರಗಿನಿಂದ ಒರೆಸುತ್ತಿದ್ದುದನ್ನು ನೋಡಿ ನನಗೆ ಅಳು ಬಂತು. ಅವಳ ಹರಕೆ ಎಲ್ಲಿಗೆ ಹೋಗಿ ಮುಟ್ಟುತ್ತದೋ ನಮಗೂ ಗೊತ್ತಿರಲಿಲ್ಲ, ಅವಳಿಗೂ ಗೊತ್ತಿರಲಿಲ್ಲ. ನನ್ನ ಜೊತೆ ಬರ್ರಿ, ಒಬ್ಬಳಿಗೇ ಧೈರ್ಯ ಸಾಲದು ಎಂದಳು. ಪ್ರಮೀಳಾ ದೇವರ ಗುಡಿಗಳಿಗೆ ಬರುವವಳಲ್ಲ. ನಾನು ರಜೆ ಹಾಕಿದೆ.

ಅಮಾವಾಸ್ಯೆಯ ದಿನ ಸದಲಗಾಕ್ಕೆ ಬೆಳಿಗ್ಗೆಯೇ ಹೋದೆವು. ಜೀಪಿನಲ್ಲಿ ಅವ್ವ ಮುಂದೆ, ಮಡಿಲಲ್ಲಿ ನೈವೇದ್ಯದ ಬುಟ್ಟಿ. ರಾವಸಾಬ ನನ್ನನ್ನು ಕಂಡು ನಮಸ್ಕಾರ ಮಾಡಿದ, ಮುಖ ನೋಡಲಿಲ್ಲ. ಹೊಳೆ ಕೆಂಪಗೆ ತುಂಬಿ ಹರಿಯುತ್ತಿತ್ತು. ಸೇತುವೆ ದಾಟಿದ ಮೇಲೆ ರಸ್ತೆ ಎರಡಾಯಿತು. ಜೀಪು ನಿಧಾನವಾಯಿತು, ಇನ್ನೂ ನಿಧಾನವಾಯಿತು. ಜೀಪು ಓಡಿಸುತ್ತಿದ್ದ ರಾವಸಾಬನ ಕತ್ತಿನ ಹಿಂದೆ ಬೆವರು ಇಳಿಯುವುದು ನನಗೆ ಕಾಣುತ್ತಿತ್ತು. “ಎಡಕ್ಕ ಅಲ್ಲೇನಣ್ಣಾ?” ಎಂದಳು ಸುನಂದಾ ಹಿಂದಿನಿಂದ. “ಗಾಣದ ಮುಂದ ಹಾದು ಹೋಗಬೇಕು ಅಂತ ನೀನ ಹೇಳ್ತಿದ್ದಿ.” ಹಿಂದಿನ ದಿನ ಅವಳು ಆ ದಾರಿಯನ್ನು ಬಸ್ಸಿನ ಕಂಡಕ್ಟರನಿಂದ ಕೇಳಿಕೊಂಡಿದ್ದಳು. ರಾವಸಾಬ ಜೀಪನ್ನು ಎಡಕ್ಕೆ ತಿರುಗಿಸಿದ. ಅವ್ವ ಬುಟ್ಟಿಯ ಮೇಲಿನ ಬಟ್ಟೆ ಸರಿಮಾಡಿಕೊಂಡರು.

ಗುಡಿಯಲ್ಲಿ ಎಲ್ಲರೂ ಚಪ್ಪಲಿಯನ್ನು ಹೊರಗಿನ ಬಾವಿಯ ಹತ್ತಿರವೇ ಬಿಟ್ಟು ಬರುತ್ತಿದ್ದರು. ರಾವಸಾಬ ಮೆಟ್ಟಿಲವರೆಗೂ ಮೆಟ್ಟಿಕೊಂಡೇ ಹೋಗಿ, ಯಾರೋ ಗದರಿದ ಮೇಲೆ ಹಿಂದಿರುಗಿದ. ಸಾಲಿನಲ್ಲಿ ನಿಂತೆವು. ನನಗೆ ಅಲ್ಲಿಂದ ಓಡಿಹೋಗಬೇಕೆನಿಸುತ್ತಿತ್ತು. ಸುನಂದಾ ಬಾಯಿ ಬಿಟ್ಟರೆ ಸಾಕು, ಎಲ್ಲ ಅಲ್ಲೇ ಮುಗಿಯುತ್ತಿತ್ತು, ದೇವರ ಎದುರು, ಅವ್ವನ ಎದುರು. ನಾನಾಗಿದ್ದರೆ ಬಾಯಿ ಬಿಡುತ್ತಿದ್ದೆ. ಕಾಯಿ ತೆಗೆದುಕೊಳ್ಳಲು ಬಾಗಿದ ಮುದಿ ಪೂಜಾರಿ ರಾವಸಾಬನ ಮುಖವನ್ನೇ ನೋಡಿದ.

“ಹೊಸಬರೇನ್ರಿ? ಎಂದೂ ಕಂಡಂಗಿಲ್ಲ. ಯಾವೂರು?”

ರಾವಸಾಬ ಕೈಯಲ್ಲಿದ್ದ ಕಾಯಿಯನ್ನು ಅತ್ತಿತ್ತ ತಿರುಗಿಸತೊಡಗಿದ. ಅವ್ವ ಮಗನತ್ತ ತಿರುಗಿದರು. ಸುನಂದಾ ಒಂದು ಹೆಜ್ಜೆ ಮುಂದೆ ಬಂದು ಅವನ ಕೈಯ ಕಾಯಿ ತೆಗೆದು ಪೂಜಾರಿಗೆ ಕೊಟ್ಟಳು.

“ಇಲ್ರಿ ಅಜ್ಜಾರ, ಪ್ರತಿ ಅಮಾಸಿಗೆ ಬರ್ತಾನ. ಮಂದ್ಯಾಗ ನಿಮಗ ನೆನಪ ಉಳದಿಲ್ಲ.”

ಪೂಜಾರಿ ಇರಬಹುದೆಂದು ತಲೆಯಾಡಿಸಿ ಕಾಯಿ ಒಡೆದ.

ಹಿಂದಿರುಗುವಾಗ ಸೇತುವೆಯ ಮೇಲೆ ರಾವಸಾಬ ರಸ್ತೆಯನ್ನೇ ನೋಡುತ್ತ, ಸುನಂದಾಳನ್ನು ನೌಕರಿ ಬಿಡಿಸುವುದು ಬೇಡ, ಇರಲಿ ಎಂದ. ನೀನೇ ಅಲ್ಲವೇ ಬೇಡ ಅಂದವನು ಎಂದು ಅವ್ವ ಕೇಳಿದರು. ದೇವರ ಮುಂದೆ ನಿಂತಾಗ ಹಾಗೆ ಅನಿಸಿತು ಎಂದ. ಅವ್ವ ಹೂಂ ಎಂದರು. ಸುನಂದಾ ನನ್ನ ಕೈಯನ್ನು ಎಷ್ಟು ಗಟ್ಟಿಯಾಗಿ ಹಿಡಿದಳೆಂದರೆ ಬಳೆ ಒಡೆಯಿತು.

ಸಂಜೆ ಅವರೇ ನಮ್ಮನ್ನು ಚಿಕ್ಕೋಡಿಗೆ ತಂದು ಬಿಟ್ಟರು. ಸುನಂದಾ ಬೀಗ ತೆಗೆಯಲು ಮೇಲೆ ಹೋದಳು. ರಾವಸಾಬ ಎದುರಿನ ಅಂಗಡಿಗೆ ನಡೆದ. ಅವ್ವ ಜೀಪಿನಲ್ಲಿ ಕೂತೇ ನನ್ನನ್ನು ಹತ್ತಿರ ಕರೆದು ಕೈಗೆ ಪ್ರಸಾದದ ಪೊಟ್ಟಣ ಇಟ್ಟರು. ಮೊಣಕಾಲು ಒತ್ತಿಕೊಳ್ಳುತ್ತ, ಮಗ ಹೋದ ದಿಕ್ಕನ್ನೊಮ್ಮೆ ನೋಡಿದರು.

“ಆ ಪೂಜಾರಿಗೆ ನೆನಪ ಚಲೋ ಐತ್ರಿ ಬಾಯಿ. ಅಂವಾ ಅಮಾಸಿಗೆ ಎಲ್ಲಿ ಹೋಗ್ತಿದ್ದಾ, ನಾ ಕೇಳಂಗಿಲ್ಲ,” ಎಂದರು. “ನೀವು ಐತಾರ ಎಲ್ಲಿ ಹೋಗ್ತೀರಿ, ಅದನೂ ಕೇಳಂಗಿಲ್ಲ. ಉಂಡು ಹೊತ್ತ ಮುಳಗೂದ್ರಾಗ ಖೋಲಿಗೆ ಬರ್ರಿ.”